ಕ್ಯಾಮೆರಾ ಮಾರೋದಿದೆ, ಡಬ್ಬಾ ಸಮೇತ

ಮಳೆಗಾಲ ಬರುವ ಮೊದಲೇ ಮಾರಿಬಿಡಬೇಕು ಅಂತ ನಾನು ಹಟ ಹಿಡಿದದ್ದು ಸುಮ್ನೆ ಅಲ್ಲ. ಮುಂಬಯಿಗೆ ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿ ಬೆವರುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಆ ಹವೆಯಲ್ಲಿ ಪರಮಸುಖದಿಂದ ಇರುವ ಜೀವಿ ಒಂದೇ. ಅದು ಲೆನ್ಸ್ ಒಳಗೆ ಬೆಳೆಯುವ ಫಂಗಸ್. ಗಾಳಿಯ ತೇವ ಶೇಕಡಾ 60 ದಾಟಿ ಅಲ್ಲೇ ನಿಂತರೆ ಅದಕ್ಕೆ ಹಬ್ಬ. ಗಾಜಿನ ಮೇಲೆ ಸಣ್ಣಗೆ ಬಿಳಿ ಎಳೆ ಬಿಡುತ್ತದೆ. ಹಾಗೇ ಬಿಟ್ಟರೆ ಮೇಲಿನ ಕೋಟಿಂಗನ್ನೇ ತಿಂದುಹಾಕುತ್ತದೆ. ಇದಕ್ಕೆ ಡ್ರೈ ಕ್ಯಾಬಿನೆಟ್ ಅಂತ ಸಿಗುತ್ತದೆ. ಒಳಗಿನ ತೇವವನ್ನು 40–50ರ ಮಧ್ಯೆ ಹಿಡಿದಿಡುವ ಕರೆಂಟಿನ ಪೆಟ್ಟಿಗೆ. ನಮ್ಮ ಮುಲುಂಡಿನ ಒನ್ ಬಿಎಚ್‌ಕೆಯಲ್ಲಿ ಮನುಷ್ಯರ ಬಟ್ಟೆಗೇ ಸರಿಯಾದ ಕಪಾಟಿಲ್ಲ, ಇನ್ನು ಲೆನ್ಸಿಗೆಲ್ಲಿಂದ ತರೋದು?

ಅಕ್ಕಿ ಡಬ್ಬದಲ್ಲಿ ಹೂತಿಡು ಅಂತ ಯಾರೋ ಹೇಳಿದ್ದರು. ಅತ್ತೆಯ ಹತ್ತಿರ ಕೇಳಿದೆ. ‘ಅಕ್ಕಿಯ ಧೂಳು ಲೆನ್ಸಿಗೆ ಹೋಗಬಹುದು, ಆದರೂ ನೋಡೋಣ’ ಅಂದೆ. ‘ಲೆನ್ಸಿನ ಧೂಳು ನನ್ನ ಅಕ್ಕಿಗೆ ಬರುತ್ತಲ್ಲ, ಅದಕ್ಕೇನು ಮಾಡೋಣ?’ ಅಂದರು. ಮಾತು ಅಲ್ಲಿಗೆ ಮುಗಿಯಿತು. ಮಾರುವುದೇ ಸೈ.

ಸಾಮಾನು ಇಷ್ಟು: ನಿಕಾನ್ ಡಿ7000 ಬಾಡಿ (ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾ), ಅದರ ಜೊತೆ ಬಂದ 18-105 ಕಿಟ್ ಲೆನ್ಸ್, ಒಂದು 70-300 ಜೂಮ್, ಹಳೇ ಡಿ ಸೀರೀಸಿನ 50 ಎಂಎಂ ಲೆನ್ಸ್, ಮತ್ತೆ ಮಾವ ಬಿಟ್ಟುಹೋದ ಯಾಶಿಕಾ ಎಂಎಫ್-2, ರೋಲ್ ಹಾಕುವಂಥದ್ದು. ಡಿ7000 ಬಂದದ್ದು 2010ರಲ್ಲಿ, 16.2 ಮೆಗಾಪಿಕ್ಸೆಲ್. ಶಿವಡಿಯ ಕೆಸರಿನಲ್ಲಿ ಬಂದಿಳಿಯುವ ಫ್ಲೆಮಿಂಗೋಗಳಿಗೋಸ್ಕರ ತೆಗೆದುಕೊಂಡಿದ್ದೆ. ಆಮೇಲೆ ಫ್ಲೆಮಿಂಗೋಗಳಿಗೆ ಬಡ್ತಿಯ ಮೇಲೆ ಬಡ್ತಿ. 2015ರಲ್ಲಿ ಠಾಣೆ ಕ್ರೀಕಿನ ಒಂದು ಭಾಗವನ್ನು ಅವುಗಳ ಅಭಯಾರಣ್ಯ ಅಂತ ಘೋಷಿಸಿದರು. 2022ರಲ್ಲಿ ಅದೇ ಜಾಗ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮಧ್ಯೆ 2018ರಲ್ಲಿ ನಿಕಾನ್‌ನವರು ಕನ್ನಡಿಯಿಲ್ಲದ (ಮಿರರ್‌ಲೆಸ್) ಝಡ್ ಕ್ಯಾಮೆರಾ ತಂದು, 1959ರಿಂದ ನಡೆಸಿಕೊಂಡು ಬಂದಿದ್ದ, ಲೆನ್ಸ್ ಸಿಕ್ಕಿಸುವ ಎಫ್ ಮೌಂಟನ್ನು ಹಿಂದಿನ ಸೀಟಿಗೆ ಕಳಿಸಿದರು. ಹಕ್ಕಿ ಮೇಲೆ ಹೋಯಿತು, ನನ್ನ ಕ್ಯಾಮೆರಾದ ಬೆಲೆ ಕೆಳಗೆ ಬಂತು.

ನ್ಯೂಜೆರ್ಸಿಯಲ್ಲಿರುವ ಮೈದುನನಿಗೆ ಫೋನ್ ಮಾಡಿದರೆ, ‘ಅಯ್ಯೋ ಭಾವ, ಅಷ್ಟೇನಾ? ಇಲ್ಲಿ ಕೆಇಎಚ್ ಇದೆ, ಎಂಪಿಬಿ ಇದೆ. ಫಾರ್ಮ್ ತುಂಬಿಸು, ಡಬ್ಬದಲ್ಲಿ ಹಾಕಿ ಕೊಟ್ಟುಬಿಡು, ದುಡ್ಡು ಬರುತ್ತೆ’ ಅಂದ. ಕೆಇಎಚ್ ಅಟ್ಲಾಂಟಾದ ಕಂಪನಿ, 1979ರಿಂದ ಹಳೇ ಕ್ಯಾಮೆರಾ ಕೊಂಡು ಮಾರುವುದೇ ಅವರ ಕಸುಬು. ಎಂಪಿಬಿ ಶುರುವಾದದ್ದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ, 2011ರಲ್ಲಿ. ಕೆಇಎಚ್‌ನವರ ಗ್ರೇಡ್ ಪಟ್ಟಿಯ ತಳದ ಹತ್ತಿರ ‘ಅಗ್ಲಿ’ ಅಂತಲೇ ಒಂದು ದರ್ಜೆ ಇತ್ತು. ಉಪಯೋಗಕ್ಕೆ ಬರುತ್ತದೆ, ಮುಖ ಮಾತ್ರ ನೋಡಬೇಡಿ ಅಂತ. ಎಷ್ಟು ಪ್ರಾಮಾಣಿಕರು! ನಮ್ಮಲ್ಲಿ ಮದುವೆ ಜಾಹೀರಾತಿನಲ್ಲಿ ಯಾರಾದರೂ ಹೀಗೆ ಬರೆಯುತ್ತಾರಾ? ಆದರೆ ಮುಲುಂಡಿನಿಂದ ಅಟ್ಲಾಂಟಾಕ್ಕೆ ಕೊರಿಯರ್, ಕಸ್ಟಮ್ಸ್ ಅಂತ ಲೆಕ್ಕ ಹಾಕಿದರೆ ನಾನೇ ಕೈಯಿಂದ ದುಡ್ಡು ಹಾಕಬೇಕಾಗುತ್ತಿತ್ತು. ಮೈದುನನ ಸಲಹೆಗಳೆಲ್ಲ ಹೀಗೇ, ಡಾಲರ್‌ನಲ್ಲಿ ಚೆನ್ನಾಗಿರುತ್ತವೆ.

ನಮ್ಮ ದೇಶದ್ದೇ ಒಂದು ಆನ್‌ಲೈನ್ ಕಂಪನಿ ಹಿಡಿದೆ. ಮಾಡೆಲ್ ಹಾಕಿದ ಕೂಡಲೇ ಪರದೆಯ ಮೇಲೆ ದೊಡ್ಡ ಹಸಿರು ಅಕ್ಷರದಲ್ಲಿ ‘14,000 ರೂಪಾಯಿವರೆಗೆ’ ಅಂತ ಬಂತು. ಬಾಡಿಗೂ ಕಿಟ್ ಲೆನ್ಸಿಗೂ ಸೇರಿಸಿ. ಮನೆಯವರಿಗೆಲ್ಲ ತೋರಿಸಿದೆ. ಹೆಂಡತಿ ಆ ದುಡ್ಡಿಗೆ ಮಿಕ್ಸಿ ನೋಡಿಟ್ಟಳು.

ಶನಿವಾರ ಒಬ್ಬ ಹುಡುಗ ಬಂದ. ಕೈಯಲ್ಲಿ ಫೋನು, ಫೋನಿನಲ್ಲಿ ಪ್ರಶ್ನಾವಳಿ. ಕಾಫಿ ಬೇಡ ಅಂದ, ಕೊಟ್ಟ ಮೇಲೆ ಕುಡಿದ. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟ. ಓರೆಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ, ಗಾಜಿನ ಆಳಕ್ಕೆ ಇಣುಕಿದ. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ. ಆಮೇಲೆ ಮುಚ್ಚಳ ಹಾಕಿಯೇ ಒಂದು ಫೋಟೋ ತೆಗೆದ. ಅತ್ತೆಗೆ ಗಾಬರಿ: ‘ಮುಚ್ಚಳ ತೆಗೆಯೋದು ಗೊತ್ತಿಲ್ಲದವನು ಏನು ಪರೀಕ್ಷೆ ಮಾಡ್ತಾನೆ?’ ಕಪ್ಪು ಫೋಟೋದಲ್ಲಿ ಬಿಳಿ ಚುಕ್ಕೆ ಹೊಳೆದರೆ ಸೆನ್ಸರಿನ ಆ ಪಿಕ್ಸೆಲ್ ಕೆಟ್ಟಿದೆ ಅಂತ ಅರ್ಥ, ಅದಕ್ಕೆ ಹಾಗೆ ಮಾಡೋದು ಅಂತ ನಾನು ಕಿವಿಯಲ್ಲಿ ಹೇಳಿದೆ.

ಆಮೇಲೆ ಬಂತು ಶಟರ್ ಕೌಂಟ್. ನಿಕಾನ್ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನೋದನ್ನು ಪ್ರತಿ ಫೋಟೋದ ಫೈಲಿನ ಒಳಗೇ ಬರೆದಿಡುತ್ತದೆ. ಒಂದು ಫೋಟೋ ಕೊಟ್ಟರೆ ಸಾಕು, ಜಾತಕವೇ ಹೊರಬರುತ್ತದೆ. ನನ್ನದು 61 ಸಾವಿರ ಚಿಲ್ಲರೆ. ಈ ಶಟರನ್ನು ಕಂಪನಿಯವರು 1,50,000 ಸಲ ಬಡಿದು ಪರೀಕ್ಷೆ ಮಾಡಿದ್ದಾರೆ ಅಂತ ವಾದಿಸಿದೆ. ಹುಡುಗ ತಲೆಯಾಡಿಸಿದ. ಅವನ ಫೋನ್ ಮಾತ್ರ ಒಪ್ಪಲಿಲ್ಲ. ಹೆಬ್ಬೆರಳು ಇಡುವ ಜಾಗದಲ್ಲಿ ರಬ್ಬರ್ ಉಬ್ಬಿ ಎದ್ದಿತ್ತು. ಉಗುರಿನಿಂದ ಒಂದು ಸಲ ಎತ್ತಿ ನೋಡಿ, ‘ಗ್ರಿಪ್ ಲೂಸ್’ ಅಂತ ಒತ್ತಿದ. ವ್ಯೂಫೈಂಡರ್‌ನಲ್ಲಿ ಧೂಳು, ಒತ್ತಿದ. ಕತ್ತಿನ ಪಟ್ಟಿ ಒರಿಜಿನಲ್ ಅಲ್ಲ, ಒತ್ತಿದ. ಅವನು ಒತ್ತಿದ ಹಾಗೆಲ್ಲ ನನ್ನ ಮಿಕ್ಸಿಯ ಒಂದೊಂದು ಜಾರ್ ಹೋಗುತ್ತಿತ್ತು. ಕೊನೆಗೆ ಪರದೆ ತಿರುಗಿಸಿ ತೋರಿಸಿದ: 8,500.

‘ಡಬ್ಬಾ ಇದೆ, ಬಿಲ್ ಇದೆ, ಥರ್ಮಾಕೋಲ್ ಕೂಡಾ ಇದೆ’ ಅಂದೆ. ‘ಇದು ಡಬ್ಬಾ ಇದ್ದಾಗಿನ ರೇಟೇ ಸರ್’ ಅಂದ. ಪಾಪ, ಅವನ ತಪ್ಪೇನಿಲ್ಲ. ಹಿಂದಕ್ಕೆ ಕಳಿಸಿದೆ.

ಮಾರನೇ ದಿನವೇ ಹಳೇ ಸಾಮಾನಿನ ಆಪ್‌ನಲ್ಲಿ ಜಾಹೀರಾತು ಹಾಕಿದೆ. ಫೋಟೋ ಚೆನ್ನಾಗಿ ಬರಲಿ ಅಂತ ಕ್ಯಾಮೆರಾದ ಫೋಟೋವನ್ನು ಮೊಬೈಲಿನಲ್ಲಿ ತೆಗೆದೆ. ನಿಜಕ್ಕೂ ಚೆನ್ನಾಗಿ ಬಂತು. ಕ್ಯಾಮೆರಾ ಯಾಕೆ ಮಾರಿಹೋಗುತ್ತಿಲ್ಲ ಅಂತ ಅಲ್ಲೇ ಗೊತ್ತಾಗಬೇಕಿತ್ತು. ಹತ್ತು ನಿಮಿಷದಲ್ಲಿ ಮೆಸೇಜು ಶುರು. ‘ಲಾಸ್ಟ್ ಪ್ರೈಸ್?’ ಮೊದಲ ಪ್ರೈಸನ್ನೇ ಯಾರೂ ಓದಿರಲಿಲ್ಲ. ಒಬ್ಬ ಕ್ಯಾಮೆರಾಕ್ಕೆ ಬದಲಾಗಿ ಬೆಕ್ಕಿನ ಮರಿ ಕೊಡ್ತೀನಿ ಅಂದ. ಒಬ್ಬಾಕೆಗೆ ಒಂದು ಭಾನುವಾರದ ಮಟ್ಟಿಗೆ ಬಾಡಿಗೆಗೆ ಬೇಕಿತ್ತು, ತಮ್ಮನ ಮುಂಜಿಯಂತೆ.

ಇನ್ನೊಬ್ಬ ಸೈನ್ಯದವನು. ಅಂದರೆ ಅವನೇ ಹಾಗಂದ. ಜಮ್ಮುವಿಗೆ ಟ್ರಾನ್ಸ್‌ಫರ್ ಆಗಿದೆ, ಕ್ಯಾಮೆರಾ ನೋಡೋದೇ ಬೇಡ, ಕೇಳಿದಷ್ಟು ಕೊಡ್ತೀನಿ, ಈಗಲೇ ಕ್ಯೂಆರ್ ಕೋಡ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬಂದುಬಿಡುತ್ತೆ. ಐಡಿ ಕಾರ್ಡಿನ ಫೋಟೋ ಬೇರೆ. ಚೌಕಾಸಿ ಮಾಡದ ಗಿರಾಕಿ ಅಂದ ಕೂಡಲೇ ಅನುಮಾನ ಬರಬೇಕು. ನನ್ನ ಹೆಂಡತಿ ಬ್ಯಾಂಕಿನವಳು. 2016ರಲ್ಲಿ ಯುಪಿಐ ಬಂದಾಗಿನಿಂದ ಕೌಂಟರಿನಲ್ಲಿ ಕೂತು ದಿನಕ್ಕೊಬ್ಬರಿಗೆ ಒಂದೇ ಮಾತು ಹೇಳುತ್ತಿದ್ದಾಳೆ: ದುಡ್ಡು ಬರೋಕೆ ಪಿನ್ ಬೇಡ, ಪಿನ್ ಹಾಕಿದರೆ ದುಡ್ಡು ಹೋಗುತ್ತೆ. ಫೋನ್ ಕಸಿದುಕೊಂಡು, ‘ಭಾಯ್‌ಸಾಬ್, ನಮ್ಮದೂ ಜಮ್ಮುವಿಗೇ ಟ್ರಾನ್ಸ್‌ಫರ್ ಆಗಿದೆ, ಅಲ್ಲೇ ಸಿಗೋಣ, ಕ್ಯಾಶ್ ತನ್ನಿ’ ಅಂದಳು. ಆ ಕಡೆ ಗಡಿ ಶಾಂತವಾಯಿತು.

70-300ಕ್ಕೆ ಮಾತ್ರ ಒಬ್ಬ ನಿಜವಾದ ಗಿರಾಕಿ ಸಿಕ್ಕಿದ. ಕಲ್ಯಾಣದವನು. ದಾದರ್ ಸ್ಟೇಷನ್, ಮೂರನೇ ಪ್ಲಾಟ್‌ಫಾರ್ಮ್, ಬ್ರಿಡ್ಜಿನ ಕೆಳಗೆ, ಸಂಜೆ ಏಳಕ್ಕೆ ಅಂದ. ಸಂಜೆ ಏಳಕ್ಕೆ ದಾದರಿನಲ್ಲಿ ಸಿಗೋಣ ಅನ್ನುವವನಿಗೆ ಲೆನ್ಸ್‌ಗಿಂತ ಮೊದಲು ಬುದ್ಧಿ ಮಾರಬೇಕಿತ್ತು. ಹೋಗಿ ನಿಂತೆ. ಅವನೂ ನಿಂತಿದ್ದ. ನಾನು ಕಾಣಲಿಲ್ಲ ಅವನಿಗೆ, ಅವನು ನನಗೆ. ಫೋನಿನಲ್ಲಿ ಇಬ್ಬರೂ ಹಿಂದಿಯಲ್ಲಿ ಕಿರುಚಾಟ. ‘ಮೂರನೇ ನಂಬರಲ್ಲೇ ಇದ್ದೀನಿ!’ ‘ನಾನೂ ಮೂರರಲ್ಲೇ!’ ವಿಷಯ ಏನಪ್ಪಾ ಅಂದರೆ, ದಾದರಿನಲ್ಲಿ ಮೊದಲು ವೆಸ್ಟರ್ನ್ ರೈಲ್ವೆ ಕಡೆಗೂ ಒಂದು ಮೂರು, ಸೆಂಟ್ರಲ್ ರೈಲ್ವೆ ಕಡೆಗೂ ಒಂದು ಮೂರು ಇತ್ತು. ಈ ಗೊಂದಲ ತಪ್ಪಿಸಲು 2023ರ ಡಿಸೆಂಬರಿನಲ್ಲಿ ರೈಲ್ವೆಯವರು ಸೆಂಟ್ರಲ್ ಕಡೆಯ ನಂಬರುಗಳನ್ನು ಎಂಟರಿಂದ ಹದಿನಾಲ್ಕು ಅಂತ ಬದಲಿಸಿದರು. ಈಗ ಮೂರು ಒಂದೇ, ವೆಸ್ಟರ್ನ್‌ದು. ನಾನು ಬೋರ್ಡ್ ನೋಡಿ ಅಲ್ಲಿ ನಿಂತಿದ್ದೆ. ಕಲ್ಯಾಣದವನು ಹುಟ್ಟಿನಿಂದ ಕಂಡ ಸೆಂಟ್ರಲ್ ಮೂರರಲ್ಲಿ, ಅಂದರೆ ಈಗಿನ ಒಂಬತ್ತರಲ್ಲಿ, ತಲೆಯ ಮೇಲಿನ ಬೋರ್ಡನ್ನು ನಂಬದೆ ನಿಂತಿದ್ದ.

ಅಷ್ಟರಲ್ಲಿ ಫೋನಿನಲ್ಲಿ ಅವನು ಪಕ್ಕದವನಿಗೆ ಹೇಳಿದ್ದು ಕೇಳಿಸಿತು: ‘ಎಂಥ ಸಾವು ಮಾರಾಯ, ಈ ಜನ ತಲೆ ತಿಂತದೆ!’

‘ಹೋಯ್, ಯಾವೂರು?’ ಅಂದೆ.

ಕುಂದಾಪುರದ ಹತ್ತಿರವಂತೆ. ಯಕ್ಷಗಾನದ ಫೋಟೋ ತೆಗೆಯುತ್ತಾನಂತೆ. ಬ್ರಿಡ್ಜ್ ಹತ್ತಿ ಇಳಿದು, ಜನರ ನಡುವೆ ನಾನು ಲೆನ್ಸನ್ನು ಎದೆಗವಚಿಕೊಂಡು ತಲುಪುವಷ್ಟರಲ್ಲಿ ನಾವು ಸಂಬಂಧಿಕರೇ ಆಗಿದ್ದೆವು. ಕನ್ನಡ ಸಿಕ್ಕಿದ ಖುಷಿಯಲ್ಲಿ ನಾನು ಮರೆತದ್ದನ್ನು ಅವನು ಮರೆಯಲಿಲ್ಲ. ‘ನಮ್ಮವರೇ ಅಲ್ವಾ, ಒಂದು ಐನೂರು ಬಿಡಿ’ ಅಂದ. ಹಿಂದಿಯಲ್ಲೇ ಮುಗಿಸಿದ್ದರೆ ಪೂರ್ತಿ ದುಡ್ಡು ಬರುತ್ತಿತ್ತು. ಆದರೆ ಲೆನ್ಸ್ ರಂಗಸ್ಥಳದ ಎದುರು ಕೂರುತ್ತದೆ ಅನ್ನುವುದು ನನಗೂ ಇಷ್ಟವಾಯಿತು, ಬಿಟ್ಟೆ. ಅವನು ಟಾರ್ಚ್ ತಂದಿದ್ದ. ಅಷ್ಟು ತಿಳಿವಳಿಕೆ ಇತ್ತು.

ಉಳಿದದ್ದನ್ನು ಹೊತ್ತು ಫೋರ್ಟಿಗೆ ಹೋದೆ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಬೋರಾ ಬಜಾರ್. ಮುಂಬಯಿಯ ಮದುವೆ ಫೋಟೋದವರೆಲ್ಲ ಒಂದಲ್ಲ ಒಂದು ದಿನ ಅಲ್ಲಿಗೆ ಬರಲೇಬೇಕು. ಅಂಗಡಿಯ ಸೇಠ್ ಡಿ7000 ಕೈಗೆತ್ತಿಕೊಂಡ, ಕಿವಿಯ ಹತ್ತಿರ ಹಿಡಿದು ಎರಡು ಸಲ ಕ್ಲಿಕ್ ಮಾಡಿದ. ಅಷ್ಟೇ. ಫೋನೂ ಇಲ್ಲ, ಪ್ರಶ್ನಾವಳಿಯೂ ಇಲ್ಲ. ‘ಕ್ಯಾಶ್ ಆದರೆ 8,000. ಹೊಸದು ತಗೊಂಡರೆ ಇದಕ್ಕೆ 10,000.’ ಎಕ್ಸ್‌ಚೇಂಜಿಗೆ ಎರಡು ಸಾವಿರ ಜಾಸ್ತಿ ಯಾಕೆ ಅಂದರೆ, ಹೊಸದರ ಮೇಲಿನ ಲಾಭವೂ ಅವನದೇ. ದಾನ ಅಲ್ಲ ಅದು.

50 ಎಂಎಂ ನೋಡಿ ಮಾತ್ರ ಮುಖ ಸಿಂಡರಿಸಿದ. ಈ ಡಿ ಲೆನ್ಸುಗಳ ಒಳಗೆ ಮೋಟಾರ್ ಇಲ್ಲ. ಬಾಡಿಯಲ್ಲಿರುವ ಮೋಟಾರು ಸಣ್ಣ ಸ್ಕ್ರೂನಿಂದ ತಿರುಗಿಸಬೇಕು. ಹೊಸ ಝಡ್ ಬಾಡಿಗೆ ನಿಕಾನ್‌ನದೇ ಅಡಾಪ್ಟರ್ ಹಾಕಿ ಸಿಕ್ಕಿಸಿದರೂ ಆಟೋಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ‘ಯಾರು ತಗೋತಾರೆ ಸಾಹೇಬ್ರೆ?’ ಅಂದ. ಹಾಗಾದರೆ ಬಾಡಿ ಯಾರು ತಗೋತಾರೆ ಅಂದೆ. ಗೇಟ್‌ವೇ ಆಫ್ ಇಂಡಿಯಾ ಎದುರು ನಿಂತಲ್ಲೇ ಪ್ರಿಂಟ್ ತೆಗೆದುಕೊಡುವವರ ಕಡೆ ಬೆರಳು ತೋರಿಸಿದ. ಎಲ್ಲರ ಜೇಬಿನಲ್ಲೂ ಫೋನ್ ಬಂದ ಮೇಲೂ ಅವರು ಅಲ್ಲೇ ಇದ್ದಾರಲ್ಲ. ಬಿಸಿಲು, ಉಪ್ಪು ಗಾಳಿ, ದಿನವಿಡೀ ಕೆಲಸ. ಅವರಿಗೆ ಹೊಸ ಬಾಡಿ ಯಾಕೆ?

ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತಾಗ ನನಗೆ ಆ ಆನ್‌ಲೈನ್ ಹುಡುಗನ ಮೇಲಿದ್ದ ಸಿಟ್ಟು ಇಳಿಯಿತು. ಬಾಡಿ ಅನ್ನೋದು ಸಂಜೆಯ ಮೀನು, ಹೊತ್ತು ಹೋದಷ್ಟೂ ರೇಟು ಹೋಗುತ್ತದೆ. ಅದನ್ನು ಇಟ್ಟುಕೊಂಡು, ಧೂಳು ಒರೆಸಿ, ಗ್ಯಾರಂಟಿ ಕೊಟ್ಟು, ‘ಲಾಸ್ಟ್ ಪ್ರೈಸ್’ನವರನ್ನೂ ಸೈನ್ಯದವನನ್ನೂ ಸಂಭಾಳಿಸುವುದು ಈಗ ಅವರ ತಲೆನೋವು. ಬೆಲೆಯಲ್ಲಿ ಮುರಿದುಕೊಳ್ಳುವುದು ಆ ತಲೆನೋವಿನ ಸಂಬಳ. ಬಾಡಿಯ ಮಟ್ಟಿಗೆ ಆ ಸಂಬಳ ಕೊಡಬಹುದು. ಒಳ್ಳೆಯ ಲೆನ್ಸಿಗೆ ಕೊಡಬಾರದು, ಅದಕ್ಕೆ ಕಾದು ಮನುಷ್ಯರನ್ನೇ ಹುಡುಕಬೇಕು, ದಾದರಿನಲ್ಲಾದರೂ ಸರಿ. ಇದು ನನ್ನ ಅಭಿಪ್ರಾಯ. ಹೆಂಡತಿಯದು ಬೇರೆ, ಅವಳ ಪ್ರಕಾರ ಕೊಳ್ಳಲೇಬಾರದಿತ್ತು.

ಅಷ್ಟರಲ್ಲಿ ಆನ್‌ಲೈನ್‌ನವರೇ ಫೋನ್ ಮಾಡಿದರು. ‘ನಿಮಗೋಸ್ಕರ ಸ್ಪೆಷಲ್, 9,000.’ ಬೇಡ ಅಂದರೆ ಅವರೂ ಏರುತ್ತಾರೆ ಅಂತ ಗೊತ್ತಾಯಿತು. ಮೆಮೊರಿ ಕಾರ್ಡ್ ತೆಗೆದು, ಸೆಟ್ಟಿಂಗ್ ಅಳಿಸಿ ಕೊಟ್ಟೆ. ಅದೇ ಹುಡುಗ ಬಂದ. ಈ ಸಲ ಕಾಫಿ ಬೇಡ ಅನ್ನಲಿಲ್ಲ.

50 ಎಂಎಂ ಮನೆಯಲ್ಲೇ ಇದೆ. ಯಾಶಿಕಾವನ್ನು ಮಾರಲು ಒಂದು ಶುಕ್ರವಾರ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗೋಣ ಅಂತಿದ್ದೆ. ಅಂಗಡಿಗಳು ಮುಚ್ಚಿ ರಸ್ತೆಯ ಮೇಲೇ ಸಂತೆ ಕೂರುವ ದಿನ ಅದು. ಅಷ್ಟರಲ್ಲಿ ಕಾಲೇಜಿಗೆ ಹೋಗುವ ತಂಗಿಯ ಮಗ ನೋಡಿ, ‘ಮಾಮ, ಫಿಲ್ಮ್ ಕ್ಯಾಮೆರಾ! ಸಖತ್ ವಿಂಟೇಜ್!’ ಅಂತ ಕುಣಿದ. ಹಿಂದಿನ ಮುಚ್ಚಳದ ಸುತ್ತ ಬೆಳಕು ತಡೆಯುವ ಸ್ಪಂಜು ಅಂಟಂಟಾಗಿ ಕರಗಿತ್ತು. ಅದನ್ನೂ ಕಡ್ಡಿಯಿಂದ ಕೆರೆದು ಹೊಸದು ಅಂಟಿಸಿದ. ಮಾವನ ವಸ್ತು, ಮನೆಯ ಹುಡುಗನಿಗೇ ಹೋಗಲಿ ಅಂತ ಅತ್ತೆ ಪುಕ್ಕಟೆ ಕೊಟ್ಟರು. ರೋಲಿನ ಬೆಲೆ ಈಗ ಎಷ್ಟಾಗಿದೆ ಅನ್ನೋದು ಅವನಿಗೆ ಆಮೇಲೆ ಗೊತ್ತಾಯಿತು. ತೊಳೆಯೋದು, ಸ್ಕ್ಯಾನ್ ಮಾಡಿಸೋದು ಬೇರೆ. ನಿನ್ನೆ ಮೆಸೇಜ್ ಹಾಕಿದ್ದಾನೆ: ‘ಮಾಮ, ಕ್ಯಾಮೆರಾ ನಿಮ್ಮದೇ ತಾನೇ, ಮೊದಲ ರೋಲ್ ನಿಮ್ಮ ಲೆಕ್ಕಕ್ಕೆ.’ ಕೆಳಗೆ ಕ್ಯೂಆರ್ ಕೋಡ್ ಕಳಿಸಿದ್ದಾನೆ. ಪಿನ್ ಹಾಕಿದೆ.