ಹೊಸ ಕಾರ್ಡ್ ತರುವ ಮುಂಚೆ ಕೇಬಲ್ ನೋಡಿ

ಲಿನಕ್ಸ್‌ನಲ್ಲಿ ನೆಟ್ ಪದೇ ಪದೇ ಕಟ್ ಆದರೆ ನೆಟ್‌ವರ್ಕ್ ಕಾರ್ಡ್ (ಕಂಪ್ಯೂಟರ್‌ನಲ್ಲಿ ನೆಟ್ ಕೇಬಲ್ ಸಿಕ್ಕಿಸುವ ಭಾಗ) ಬದಲಿಸಿ ಅಂತ ಬರೆದಿದ್ದೀರಿ ಸರ್. ನನ್ನ ಪ್ರಕಾರ ಅದು ಕೊನೆಗೆ ಮಾಡುವ ಕೆಲಸ. ಹಾಸನದಲ್ಲಿ ರಿಪೇರಿ ಕೆಲಸ ಮಾಡುವ ನನಗೆ, ಜನ ಸುಮ್ನೆ ದುಡ್ಡು ಕಳೆದುಕೊಳ್ಳುವುದು ನೋಡಿದರೆ ಬೇಜಾರಾಗುತ್ತದೆ.

ಮೊದಲು ಎಥ್‌ಟೂಲ್ ಎಂಬ ಲಿನಕ್ಸ್ ಕಮಾಂಡ್‌ನಲ್ಲಿ ಸ್ಪೀಡ್ ನೋಡಿ. ಗಿಗಾಬಿಟ್ (1000 ಎಂಬಿಪಿಎಸ್) ಕಾರ್ಡ್ 100ಕ್ಕೆ ಇಳಿದಿದ್ದರೆ ಅನುಮಾನ ಕೇಬಲ್ ಮೇಲಿರಲಿ. 1000 ಎಂಬಿಪಿಎಸ್‌ಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಹಾಗಾಗಿ ಒಂದು ತಂತಿ ಬಿಟ್ಟುಕೊಂಡಿದ್ದರೂ ನೆಟ್ ಕುಂಟುತ್ತಾ ನಡೆಯಬಹುದು. ಸಕಲೇಶಪುರ ಕಡೆಯ ಒಂದು ತೋಟದ ಮನೆಯಲ್ಲಿ ಕೇಬಲ್ ತುದಿಯ ಆರ್‌ಜೆ45 ಪ್ಲಗ್‌ನ ಪಿನ್‌ಗಳಿಗೆ ಮಳೆಗಾಲದ ಥಂಡಿಗೆ ಹಸಿರು ಕಿಲುಬು ಹಿಡಿದಿತ್ತು. ತುದಿ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿ (ಒತ್ತಿ) ಕೂರಿಸಿದೆ, ಅಷ್ಟೇ. ಕಾರ್ಡ್ ಹಳೆಯದೇ ಇದೆ.

ಕೇಬಲ್ ಸರಿಯಿದ್ದರೆ ಕರ್ನಲ್ ಲಾಗ್ (ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಾಖಲೆ) ಓದಿ. 'ನೆಟ್‌ಡೆವ್ ವಾಚ್‌ಡಾಗ್' ಅಂತ ಸಾಲು ಬಂದರೆ ಡೇಟಾ ಪ್ಯಾಕೆಟ್‌ಗಳು ಹೊರಗೆ ಹೋಗದೆ ಕ್ಯೂನಲ್ಲೇ ನಿಂತಿವೆ ಅಂತ. ಅದೊಂದರಿಂದಲೇ ಕಾರ್ಡ್ ಸತ್ತಿದೆ ಅನ್ನಬೇಡಿ. ರಿಯಲ್‌ಟೆಕ್ 8111, 8168 ಚಿಪ್‌ಗಳಲ್ಲಿ ಎಷ್ಟೋ ಸಲ ವಿದ್ಯುತ್ ಉಳಿಸುವ ಎಎಸ್‌ಪಿಎಂ ತಂಟೆ ಕೊಡುತ್ತದೆ. ಲಿನಕ್ಸ್ ಶುರು ಮಾಡುವ ಗ್ರಬ್ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ ನೋಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗಬಹುದು. ಆಮೇಲೂ ಸರಿಹೋಗದಿದ್ದರೆ, ಕರ್ನಲ್‌ನ ಆರ್8169 ಡ್ರೈವರ್ (ಚಿಪ್ ನಡೆಸುವ ಸಾಫ್ಟ್‌ವೇರ್) ಬದಲು ರಿಯಲ್‌ಟೆಕ್ ಕಂಪನಿಯವರ ಆರ್8168 ಹಾಕಿ ನೋಡಬಹುದು. ಇಂಟೆಲ್ ಚಿಪ್‌ನಲ್ಲಿ 'ಹಾರ್ಡ್‌ವೇರ್ ಯೂನಿಟ್ ಹ್ಯಾಂಗ್' ಅಂತ ಲಾಗ್‌ನಲ್ಲಿ ಬಂದರೆ ಎಥ್‌ಟೂಲ್‌ನಿಂದಲೇ ಟಿಎಸ್‌ಒ (ದೊಡ್ಡ ಡೇಟಾವನ್ನು ಕಾರ್ಡೇ ಪ್ಯಾಕೆಟ್‌ಗಳಾಗಿ ತುಂಡು ಮಾಡುವ ಸೌಲಭ್ಯ) ಆಫ್ ಮಾಡಿ.

ಏಪ್ರಿಲ್, ಮೇ ಗುಡುಗು-ಸಿಡಿಲಿನ ಮಾತು ಬೇರೆ. ಸಿಡಿಲು ಹೊಡೆದ ಮೇಲೆ ಎಲ್‌ಎಸ್‌ಪಿಸಿಐ ಕಮಾಂಡ್ ತೋರಿಸುವ ಹಾರ್ಡ್‌ವೇರ್ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಕಾಣದಿದ್ದರೆ, ಪವರ್ ಕೇಬಲ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಆಗಲೂ ಕಾಣದಿದ್ದರೆ ಹೊಸದು ತನ್ನಿ.