ಕದ್ದು ತಂದ ಕೃತಿಚೌರ್ಯ ನಿಷೇಧ

ಕಳೆದ ತಿಂಗಳು ನನಗೊಂದು ಆಹ್ವಾನ ಬಂತು. ಹಳಗನ್ನಡ ವ್ಯಾಕರಣದ ಪಾಠ ಹೇಳಿಕೊಂಡಿರುವ ನನ್ನನ್ನು ‘ಜಗದ್ವಿಖ್ಯಾತ ವಿದ್ವಾಂಸರೇ’ ಎಂದು ಸಂಬೋಧಿಸಿದ್ದ ಸಂಪಾದಕರು, ತಮ್ಮ ಅಂತರರಾಷ್ಟ್ರೀಯ ದಂತವೈದ್ಯಕೀಯ ಪತ್ರಿಕೆಗೆ ನಾಲ್ಕು ದಿನದೊಳಗೆ ಒಂದು ಸಂಶೋಧನಾ ಲೇಖನವನ್ನು ಕಳುಹಿಸಬೇಕೆಂದು ವಿನಂತಿಸಿದ್ದರು. ಹಲ್ಲಿಗೂ ನನಗೂ ಇರುವ ಶಾಸ್ತ್ರೀಯ ಸಂಬಂಧ ತ, ಥ, ದ, ಧ, ನ ಎಂಬ ಐದು ದಂತ್ಯಾಕ್ಷರಗಳಲ್ಲಿ ಮುಗಿದುಹೋಗುತ್ತದೆ. ಆದರೂ ಕುತೂಹಲ ತಡೆಯದೆ ಅವರ ಜಾಲತಾಣವನ್ನು ತೆರೆದೆ.

ಅಲ್ಲಿ ಎಲ್ಲಕ್ಕಿಂತ ಉದ್ದವಾದ ಪುಟ ನೀತಿಸಂಹಿತೆಯದು. ಪುಟದ ನೆತ್ತಿಯ ಮೇಲೆ ‘ಕೋಪ್’ ಸಂಸ್ಥೆಯ ಲಾಂಛನವಿತ್ತು. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿ ಕಟ್ಟಿದ ಈ ಪ್ರಕಟಣಾ ನೀತಿ ಸಮಿತಿಯು ಸಲಹೆ ಕೊಡಬಲ್ಲುದು, ಹೆಚ್ಚೆಂದರೆ ಸದಸ್ಯತ್ವವನ್ನು ಕಿತ್ತುಕೊಳ್ಳಬಲ್ಲುದೇ ಹೊರತು ಬೇರೆ ಶಿಕ್ಷೆ ಕೊಡುವ ಅಧಿಕಾರವಿಲ್ಲದ್ದರಿಂದ, ಹೆಸರಿನಲ್ಲಿ ಮಾತ್ರ ಕೋಪವನ್ನಿಟ್ಟುಕೊಂಡು ಬದುಕಬೇಕಾಗಿದೆ. ಲಾಂಛನದ ಕೆಳಗೆ ‘ಕೃತಿಚೌರ್ಯವನ್ನು ನಾವು ಎಳ್ಳಷ್ಟೂ ಸಹಿಸುವುದಿಲ್ಲ’ ಎಂಬ ಘೋಷಣೆ, ಅದರ ಕೆಳಗೆ ಒಂಬತ್ತು ಕಂಡಿಕೆಗಳು. ಎಂಟು ಕಂಡಿಕೆಗಳಲ್ಲಿ ಪತ್ರಿಕೆಯ ಹೆಸರು ಸರಿಯಾಗಿಯೇ ಇತ್ತು. ಒಂಬತ್ತನೆಯದರಲ್ಲಿ ಮಾತ್ರ ಮಣ್ಣಿನ ಫಲವತ್ತತೆಗೆ ಸಂಬಂಧಿಸಿದ ಬೇರೊಂದು ಪತ್ರಿಕೆಯ ಹೆಸರಿತ್ತು. ಕಳ್ಳತನ ಮಾಡಬಾರದೆಂಬ ಬೋರ್ಡನ್ನೇ ಪಕ್ಕದ ಮನೆಯ ಗೇಟಿನಿಂದ ಕಿತ್ತು ತಂದವರು, ಅದರ ಮೇಲಿದ್ದ ಮನೆಯ ನಂಬರನ್ನು ಒರೆಸಲು ಮರೆತಿದ್ದರು.

ಲೇಖಕರೇ ತೆರಬೇಕಾದ ಪ್ರಕಟಣಾ ಶುಲ್ಕದ ಪುಟದಲ್ಲಿ ಇಂಥ ತಪ್ಪು ಒಂದೂ ಇರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಬ್ಯಾಂಕ್ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಕ್ಯೂಆರ್ ಕೋಡ್ ಎಲ್ಲವನ್ನೂ ಯಾರೋ ಶ್ರದ್ಧಾವಂತರು ಎರಡೆರಡು ಬಾರಿ ಪರಿಶೀಲಿಸಿದಂತಿತ್ತು. ಅಚ್ಚಿಗೆ ಮುನ್ನ ಲೇಖನವನ್ನು ಅದೇ ಕ್ಷೇತ್ರದ ತಜ್ಞರು ಪರಿಶೀಲಿಸುವ ಪೀರ್ ರಿವ್ಯೂ ಎಂದರೆ ಬಹುಶಃ ಇದೇ ಇರಬೇಕು.

ಇಂಥ ಪತ್ರಿಕೆಗಳ ಔದಾರ್ಯವನ್ನು ಲೋಕ ಬಹುಕಾಲದಿಂದ ಪರೀಕ್ಷಿಸುತ್ತಲೇ ಬಂದಿದೆ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು, ರಸಾಯನಶಾಸ್ತ್ರದ ಸಾಮಾನ್ಯ ವಿದ್ಯಾರ್ಥಿಗೂ ಕಾಣುವಂಥ ತಪ್ಪುಗಳನ್ನು ಬೇಕೆಂದೇ ತುಂಬಿದ ಲೇಖನವನ್ನು ಸುಳ್ಳು ಹೆಸರುಗಳಲ್ಲಿ 304 ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಅದನ್ನು ಅಂಗೀಕರಿಸಿದವು. ಈ ಉದಾರಿಗಳಲ್ಲಿ ಭಾರತದ ಪ್ರಕಾಶಕರಿಗೆ ಅಗ್ರಸ್ಥಾನ ಸಿಕ್ಕಿತು. ಮರುವರ್ಷ, ‘ನಿಮ್ಮ ಹಾಳು ಮೇಲಿಂಗ್ ಲಿಸ್ಟಿನಿಂದ ನನ್ನನ್ನು ತೆಗೆಯಿರಿ’ ಎಂಬರ್ಥದ ಒಂದೇ ಬೈಗುಳ ವಾಕ್ಯವನ್ನು ಪುಟಗಟ್ಟಲೆ ಪುನರಾವರ್ತಿಸಿದ ‘ಲೇಖನ’ಕ್ಕೆ ಒಂದು ಪತ್ರಿಕೆಯ ವಿಮರ್ಶಕರು ‘ಅತ್ಯುತ್ತಮ’ ಎಂಬ ಅಂಕ ಕೊಟ್ಟು, 150 ಡಾಲರ್ ಕೇಳಿದರು. ಬೈದರೂ ಬೇಸರಿಸದ ಈ ಸಹನೆಯನ್ನು ನಮ್ಮ ವಿಮರ್ಶಾಲೋಕದಲ್ಲಿ ಎಲ್ಲಿ ಹುಡುಕೋಣ? ಪೋಲೆಂಡಿನ ಸಂಶೋಧಕರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಭಾಷೆಯಲ್ಲಿ ‘ವಂಚಕಿ’ ಎಂಬ ಅರ್ಥ ಬರುವಂಥ ಹೆಸರಿನ ಮಹಿಳೆಯೊಬ್ಬಳನ್ನು ಕಲ್ಪಿಸಿ, ಸಂಪಾದಕಿಯಾಗಲು 360 ಪತ್ರಿಕೆಗಳಿಗೆ ಅರ್ಜಿ ಹಾಕಿಸಿದರು. 48 ಪತ್ರಿಕೆಗಳು ಆಕೆಗೆ ಪೀಠ ಕೊಟ್ಟವು. ಹುಟ್ಟದೇ ಇದ್ದವರಿಗೂ ಸಂಪಾದಕತ್ವ ಒಲಿದದ್ದನ್ನು 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಓದಿದಾಗ, ನನಗೆ ಬಡ್ತಿ ಸಿಗದಿರುವುದಕ್ಕೆ ನಾನು ಹುಟ್ಟಿದ್ದೇ ಕಾರಣವಿರಬಹುದೆಂಬ ಸಂಶಯ ಬಂತು.

ಬಡ್ತಿಯ ಮಾತು ಬಂದಿತಲ್ಲ, ಕಾಯಿಲೆಯ ಬೇರು ಇರುವುದು ಅಲ್ಲೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ವಿದ್ವತ್ತನ್ನು ಅಂಕಗಳಲ್ಲಿ ಅಳೆಯುವ ಎಪಿಐ ಪದ್ಧತಿಯನ್ನು ತಂದಂದಿನಿಂದ, ಏನು ಬರೆದಿರಿ ಎಂದು ಯಾರೂ ಕೇಳುತ್ತಿಲ್ಲ, ಎಷ್ಟು ಬರೆದಿರಿ ಎಂದೇ ಕೇಳುತ್ತಾರೆ. ಕಾಸಿಗೆ ತಕ್ಕ ಕಜ್ಜಾಯ ಮಾರುವ ಅಂಗಡಿಗಳು ಆಗ ಬೀದಿಬೀದಿಯಲ್ಲಿ ತೆರೆದುಕೊಂಡವು. ಅಸಲಿ ಅಂಗಡಿ ಯಾವುದೆಂದು ತೋರಿಸಲು ಆಯೋಗವೇ 2017ರಲ್ಲಿ 30,000ಕ್ಕೂ ಹೆಚ್ಚು ಹೆಸರುಗಳ ಪಟ್ಟಿಯನ್ನು ಪ್ರಕಟಿಸಿತು. ಮರುವರ್ಷದ ಮೇ ತಿಂಗಳಲ್ಲಿ ಅದರಿಂದ 4,305 ಹೆಸರುಗಳನ್ನು ತಾನೇ ಹೊಡೆದುಹಾಕಿತು. ಆಮೇಲೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು. ಅದರಲ್ಲಿರುವ ಪತ್ರಿಕೆಗಳ ಹೆಸರಿನಲ್ಲೇ ನಕಲಿ ತಾಣಗಳು ಹುಟ್ಟಿ, ಸಂಶೋಧನೆಯಷ್ಟೇ ಅಲ್ಲದೆ ಪತ್ರಿಕೆಯೂ ನಕಲಾಗಬಲ್ಲುದೆಂಬ ಹೊಸ ಜ್ಞಾನ ಲಭಿಸಿತು. 2025ರ ಫೆಬ್ರವರಿಯಲ್ಲಿ ಆಯೋಗ ‘ಕೇರ್’ ಮಾಡುವುದನ್ನೂ ನಿಲ್ಲಿಸಿತು.

ಕೃತಿಚೌರ್ಯದ ಬಗ್ಗೆ ಮಾತ್ರ ಆಯೋಗ ಮೃದುವಾಗಿಲ್ಲ. 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದಕ್ಕಿಂತ ಹೆಚ್ಚಾದರೆ ಹಂತಹಂತವಾಗಿ ಶಿಕ್ಷೆ. ಹೀಗಾಗಿ, ಒಂಬತ್ತೂಮುಕ್ಕಾಲು ಪರ್ಸೆಂಟಿನ ಪ್ರಾಮಾಣಿಕರ ಒಂದು ವರ್ಗವೇ ನಮ್ಮಲ್ಲಿ ಬೆಳೆದಿದೆ. ಕದ್ದ ವಾಕ್ಯದ ಪ್ರತಿ ಪದಕ್ಕೂ ಸಮಾನಾರ್ಥಕವನ್ನು ತುರುಕುವ ತಂತ್ರಾಂಶಗಳು ಅವರ ನೆರವಿಗಿವೆ. ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಅವುಗಳ ಬಾಯಿಗೆ ಬಿದ್ದು ‘ಕೌಂಟರ್‌ಫೀಟ್ ಕಾನ್ಶಸ್‌ನೆಸ್’ ಆಗಿ, ಅಂದರೆ ಖೋಟಾ ಪ್ರಜ್ಞೆಯಾಗಿ ಹೊರಬಂದದ್ದನ್ನು ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಪತ್ತೆಹಚ್ಚಿದರು. ಇಡೀ ವ್ಯವಹಾರಕ್ಕೆ ಇದಕ್ಕಿಂತ ಒಳ್ಳೆಯ ಹೆಸರನ್ನು ಪ್ರಜ್ಞಾಪೂರ್ವಕವಾಗಿ ಯಾರೂ ಇಡಲಾರರು.

ಇದೆಲ್ಲ ಸಣ್ಣ ಅಂಗಡಿಗಳ ಕಥೆ ಎಂದುಕೊಂಡರೆ ದೊಡ್ಡ ಮಳಿಗೆಗಳಿಗೆ ಅನ್ಯಾಯ ಮಾಡಿದಂತಾಗುತ್ತದೆ. 2023ರಲ್ಲಿ ವೈಲಿ ಒಡೆತನದ ಹಿಂದಾವಿ ಪ್ರಕಾಶನ ಸಂಸ್ಥೆಯೊಂದೇ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಿತು. 2024ರ ಫೆಬ್ರವರಿಯಲ್ಲಿ ‘ಫ್ರಾಂಟಿಯರ್ಸ್’ ಬಳಗದ ಪತ್ರಿಕೆಯೊಂದು, ಎಐ ಬರೆದ ಇಲಿಯ ಚಿತ್ರವನ್ನು ಪ್ರಕಟಿಸಿತು. ಆ ಇಲಿಯ ಜನನಾಂಗ ಇಲಿಗಿಂತ ದೊಡ್ಡದಾಗಿತ್ತು. ಅಂಗಾಂಗಗಳಿಗೆ ‘ಟೆಸ್ಟ್‌ಟಾಮ್‌ಸೆಲ್ಸ್’ ಎಂಬಂಥ, ಯಾವ ನಿಘಂಟಿನಲ್ಲೂ ಇಲ್ಲದ ಹೆಸರುಗಳಿದ್ದವು. ಸಂಪಾದಕರು ಮತ್ತು ವಿಮರ್ಶಕರ ಕಣ್ಣಿನ ಮುಂದೆಯೇ ಈ ಇಲಿ ಗಂಭೀರವಾಗಿ ನಡೆದುಹೋಯಿತು. ಅದು ಅಚ್ಚಾದ ಮೇಲೆ ಓದುಗರು ನಕ್ಕದ್ದರಿಂದಷ್ಟೇ ಲೇಖನ ಕೆಲವೇ ದಿನಗಳಲ್ಲಿ ಹಿಂದೆ ಹೋಯಿತು.

ನನ್ನ ದಂತವೈದ್ಯಕೀಯ ಪತ್ರಿಕೆಗೆ ಮರಳುತ್ತೇನೆ. ಅಧ್ಯಾಪಕನ ಹಾಳು ಅಭ್ಯಾಸ; ತಪ್ಪು ಕಂಡರೆ ಕೆಂಪು ಶಾಯಿ ಹುಡುಕುತ್ತೇನೆ. ‘ನಿಮ್ಮ ನೀತಿಸಂಹಿತೆಯ ಒಂಬತ್ತನೆಯ ಕಂಡಿಕೆಯಲ್ಲಿ ಬೇರೆ ಪತ್ರಿಕೆಯ ಹೆಸರಿದೆ, ದಯವಿಟ್ಟು ತಿದ್ದಿಕೊಳ್ಳಿ’ ಎಂದು ಸಂಪಾದಕರಿಗೆ ನಾಲ್ಕು ಸಾಲು ಬರೆದು ಕಳುಹಿಸಿದೆ. ಮರುದಿನ ಬೆಳಿಗ್ಗೆಯೇ ಉತ್ತರ ಬಂತು. ನನ್ನ ಮೌಲಿಕ ಸಂಶೋಧನೆಯನ್ನು ಇಬ್ಬರು ತಜ್ಞರು ಕೂಲಂಕಷವಾಗಿ ಪರಾಮರ್ಶಿಸಿ ಪ್ರಕಟಣೆಗೆ ಯೋಗ್ಯವೆಂದು ತೀರ್ಮಾನಿಸಿದ್ದಾರಂತೆ. ಉಲ್ಲೇಖಗಳನ್ನು ಸ್ವಲ್ಪ ಹೆಚ್ಚಿಸಿ, ಮೂರು ಸಾವಿರ ರೂಪಾಯಿಯನ್ನು ಸಂಜೆಯೊಳಗೆ ಪಾವತಿಸಿದರೆ ಪ್ರಮಾಣಪತ್ರವನ್ನೂ ಜೊತೆಗೇ ಕಳುಹಿಸುತ್ತಾರಂತೆ. ಸಹಲೇಖಕರು ಇದ್ದರೆ ತಲೆಗೆ ಐನೂರು ಮಾತ್ರ.