ಮಕ್ಕಳು ಆಡಬಾರದು, ಆದರೆ ಚುರುಕಾಗಿರಬೇಕು

ನಿವಾಸಿಗಳ ಸಂಘದ ಸಭೆಯಲ್ಲಿ ಎರಡು ನಿರ್ಣಯಗಳು ಒಟ್ಟೊಟ್ಟಿಗೇ ಪಾಸಾಗುತ್ತವೆ. ಒಂದು: ಮಕ್ಕಳು ಮೊಬೈಲಿಗೆ ಅಂಟಿಕೊಂಡು ಮೈ ಅಲುಗಿಸುವುದನ್ನೇ ಮರೆತಿದ್ದಾರೆ, ಸಂಘಕ್ಕೆ ತೀವ್ರ ಕಳವಳವಾಗಿದೆ. ಎರಡು: ಆವರಣದಲ್ಲಿ ಚೆಂಡು, ಸೈಕಲ್ಲು, ಓಟ, ಕಿರುಚಾಟ ನಿಷಿದ್ಧ. ಮೊದಲನೆಯದಕ್ಕೆ ಎತ್ತಿದ ಕೈಯನ್ನು ಇಳಿಸದೆಯೇ ಎರಡನೆಯದಕ್ಕೂ ಒಪ್ಪಿಗೆ ಕೊಡಬಹುದು. ದೊಡ್ಡವರ ಮಟ್ಟಿಗೆ ಅಷ್ಟೇ ವ್ಯಾಯಾಮ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 3–4 ವರ್ಷದ ಮಗು ದಿನಕ್ಕೆ 180 ನಿಮಿಷ ಚಟುವಟಿಕೆಯಿಂದಿರಬೇಕು, ಅದರಲ್ಲಿ ಕನಿಷ್ಠ 60 ನಿಮಿಷ ಉಸಿರು ಜೋರಾಗುವಂತಿರಬೇಕು. ಒಂದೇ ಕಡೆ ಕಟ್ಟಿ ಕೂರಿಸುವುದಾದರೆ ಒಂದು ಸಲಕ್ಕೆ 1 ಗಂಟೆ ಮೀರಬಾರದು. ಸಂಘ ಉದಾರವಾಗಿ ಸಂಜೆ 5ರಿಂದ 5.45ರವರೆಗೆ ಪಾರ್ಕು ತೆರೆಯುತ್ತದೆ. ಬಾಕಿ 135 ನಿಮಿಷವನ್ನು ಮಗು ಮನೆಯೊಳಗೆ ಸೋಫಾ ಮೇಲಿಂದ ಹಾರಿ ತೀರಿಸಿದರೆ, ಕೆಳಗಿನ ಮನೆಯವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರು ಹಾಕುತ್ತಾರೆ.

ಇನ್ನು ಉಪಕರಣ. ಚೆಂಡು, ಹಗ್ಗ, ಆಟದ ದೊಡ್ಡ ಬಳೆಯಂಥ ಕೈಗೆ ಸಿಗುವ ಸಾಮಾನುಗಳಿದ್ದಲ್ಲಿ ಪುಟ್ಟ ಮಕ್ಕಳು ಹೆಚ್ಚು ಓಡಾಡುತ್ತಾರೆಂದು ಶಿಶುವಿಹಾರಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಸಂಘ ತರಿಸುವುದು ಜಾರುಬಂಡೆ. ಒಂದು ಮಗು ಜಾರುತ್ತದೆ, ಐದು ಸಾಲಿನಲ್ಲಿ ನಿಲ್ಲುತ್ತವೆ. ಶಿಸ್ತು ಚೆನ್ನಾಗಿ ಬರುತ್ತದೆ, ಬೆವರು ಬರುವುದಿಲ್ಲ. ನೆರಳಿಲ್ಲದ ಕಡೆ ತಗಡಿನ ಜಾರುಬಂಡೆ ನೆಟ್ಟರಂತೂ ಬಿಸಿಲು ಇಳಿಯುವವರೆಗೆ ಸಾಲೂ ಇರುವುದಿಲ್ಲ.

ಆಮೇಲೆ ಯಾರೋ ಮಕ್ಕಳ ಕೈಗೆ ಚಟುವಟಿಕೆ ಅಳೆಯುವ ಪಟ್ಟಿ ಕಟ್ಟಿಸುತ್ತಾರೆ. ಮಕ್ಕಳ ಓಟ ಕಂತು ಕಂತಾಗಿ ನಡೆಯುವಂಥದ್ದು: 6ರಿಂದ 10 ವರ್ಷದವರನ್ನು ಗಮನಿಸಿದ 1995ರ ಒಂದು ಅಧ್ಯಯನದಲ್ಲಿ ಜೋರು ಚಟುವಟಿಕೆಯ ಒಂದು ಕಂತಿನ ಅವಧಿಯ ಮಧ್ಯಾಂಕ, ಅಂದರೆ ಕಂತುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ ಬರುವುದು, ಬರೀ 3 ಸೆಕೆಂಡು. ಅಳತೆಯನ್ನು 60 ಸೆಕೆಂಡಿಗೊಮ್ಮೆ ಒಟ್ಟು ಹಾಕುವಂತೆ ಇಟ್ಟರೆ ಆ ಕಂತುಗಳೆಲ್ಲ ನಿಂತ ಹೊತ್ತಿನ ಜೊತೆ ಬೆರೆತು ಮಾಯವಾಗುತ್ತವೆ. 15 ಸೆಕೆಂಡೋ ಅದಕ್ಕೂ ಕಡಿಮೆಯೋ ಇಡಬೇಕು. ಯಾರೂ ಇಡುವುದಿಲ್ಲ. ಇಡೀ ಬಡಾವಣೆಯ ಮಕ್ಕಳು ಸೋಮಾರಿಗಳೆಂದು ವರದಿ ಬರುತ್ತದೆ, ಪರಿಹಾರವಾಗಿ ಇನ್ನೊಂದು ಜಾರುಬಂಡೆ ಬರುತ್ತದೆ.

ಮಗುವನ್ನು ಓಡಿಸುವುದು ಓಡುತ್ತಿರುವ ಇನ್ನೊಂದು ಮಗು, ಅದರಲ್ಲೂ ವಯಸ್ಸಿನಲ್ಲಿ ತುಸು ದೊಡ್ಡದು. ಮಗುವನ್ನು ಹೊರಗೆ ಬಿಡುವುದು ಮಾತ್ರ ಅಪ್ಪ ಅಮ್ಮ. ಅವರು ಬಿಡಬೇಕಾದರೆ, ಗೇಟಿನತ್ತ ಓಡಿದ ಮಗುವನ್ನು ಹೆಸರು ಹಿಡಿದು ಕೂಗುವವರು ಯಾರಾದರೂ ಅಲ್ಲಿ ಕೂತಿದ್ದಾರೆಂಬ ನಂಬಿಕೆ ಬೇಕು. ಹಾಗೆ ಕೂರುತ್ತಿದ್ದ ಅಜ್ಜಂದಿರ ಕಲ್ಲುಬೆಂಚನ್ನು ಸಂಘ ಕಾರು ನಿಲ್ಲಿಸಲು ಕಿತ್ತಿದೆ, ಬದಲಿಗೆ ಕ್ಯಾಮೆರಾ ಹಾಕಿದೆ. ಕ್ಯಾಮೆರಾಗೆ ಯಾವ ಮಗುವಿನ ಹೆಸರೂ ಗೊತ್ತಿಲ್ಲ. ಸರಿಯಾಗಿ 4.55ಕ್ಕೆ ಗುಂಪಿನಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ಕಳಿಸಿ’ ಎಂಬ ಹಳೇ ಸಂದೇಶ ಹೊಸದಾಗಿ ಬರುತ್ತದೆ. ನಾಲ್ಕು ಮನೆಯವರು ಮಕ್ಕಳನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಐದನೆಯ ತಾಯಿ ಕಿಟಕಿಯಿಂದ ನೋಡುತ್ತಾಳೆ: ಪಾರ್ಕು ಖಾಲಿ. ಖಾಲಿ ಅಂದಮೇಲೆ ಅಪಾಯವೇ ಇರಬೇಕು. ಅವಳ ಮಗುವೂ ಒಳಗೆ. ಧೈರ್ಯ ಮಾಡಿ ಹೊರಗೆ ಬಂದ ತಂದೆಯೊಬ್ಬ ಮಗುವಿನ ಬೆನ್ನಿಗೇ ಅಂಟಿಕೊಂಡು ‘ಹತ್ತಬೇಡ, ಬೀಳ್ತೀಯ’ ಎನ್ನುತ್ತಾ ತಾನೇ ಹೆಜ್ಜೆ ಲೆಕ್ಕ ಹೆಚ್ಚಿಸಿಕೊಳ್ಳುತ್ತಾನೆ.

ದುಡ್ಡಿಲ್ಲದ ದಾರಿಯೂ ಇದೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ 2009ರಲ್ಲಿ ತಾಯಂದಿರೇ ಶುರು ಮಾಡಿದ್ದು: ಎರಡು ಮೂರು ಗಂಟೆ ಬೀದಿಗೆ ವಾಹನ ಬಿಡುವುದಿಲ್ಲ, ಎರಡೂ ತುದಿಯಲ್ಲಿ ಹೊಳೆಯುವ ಅಂಗಿ ತೊಟ್ಟ ದೊಡ್ಡವರು ನಿಲ್ಲುತ್ತಾರೆ, ಅಲ್ಲಿಯ ನಿವಾಸಿಗಳ ಕಾರು ಬಂದರೆ ಮಕ್ಕಳನ್ನು ಬದಿಗೆ ಸರಿಸಿ, ಮುಂದೆ ನಡೆಯುತ್ತಾ ನಡಿಗೆಯ ವೇಗದಲ್ಲೇ ಕರೆತರುತ್ತಾರೆ. ದೊಡ್ಡವರು ಅಲ್ಲೇ ಹರಟುತ್ತಾ ಒಬ್ಬರ ಮಕ್ಕಳ ಹೆಸರು ಇನ್ನೊಬ್ಬರಿಗೆ ತಿಳಿಯುತ್ತದೆ. ಇದನ್ನು ಸಭೆಯಲ್ಲಿ ಓದಿ ಹೇಳಿದಾಗ ಬಂದ ಪ್ರಶ್ನೆ ಒಂದೇ: ‘ಆ ಹೊತ್ತಲ್ಲಿ ನಮ್ಮ ಕಾರು ಎಲ್ಲಿಡೋದು?’

ಕೊನೆಗೆ ‘ಮಕ್ಕಳ ದೈಹಿಕ ಚಟುವಟಿಕೆ ದಿನ’ ಆಚರಿಸಲು ಸರ್ವಾನುಮತದ ತೀರ್ಮಾನವಾಗಿದೆ. ಓಟ ನಿಷಿದ್ಧವಾದ್ದರಿಂದ ಕಾರ್ಯಕ್ರಮ ಸಭಾಂಗಣದಲ್ಲಿ. ಸ್ವಾಗತ, ದೀಪ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಸೇರಿ 90 ನಿಮಿಷ. ಮಕ್ಕಳು ಮುಂದಿನ ಸಾಲಿನಲ್ಲಿ ಕೈಕಟ್ಟಿ, ಅಲುಗಾಡದೆ ಕೂರತಕ್ಕದ್ದು.